ರೆಫರಿಗೆ ಸಸ್ಪೆನ್ಸ್ ಖಾತೆ ಇಲ್ಲ

ವರ್ಷಕ್ಕೊಮ್ಮೆ ಎಫ್‌ಡಿ ರಿನ್ಯೂ ಮಾಡಿಸಲು ನನ್ನಲ್ಲಿಗೆ ಒಬ್ಬರು ಬರುತ್ತಾರೆ. ಬೇರೆ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಪುಣೆಯ ಯಾವ ಶಾಖೆಗೆ ನನ್ನ ವರ್ಗವಾದರೂ ಹುಡುಕಿಕೊಂಡು ಬಂದುಬಿಡುತ್ತಾರೆ! ಸಹಿ ಹಾಕಿ, ಕನ್ನಡಕ ಮಡಚಿಟ್ಟು, ಪ್ರತಿ ಸಲ ಅದೇ ಪ್ರಶ್ನೆ: "ಸಾಹೇಬ, ತೋ ಗೋಲ್ ಹೋತಾ ನಾ?" ಅದು ಗೋಲೇ ಅಲ್ಲವಾ ಅಂತ. ನಾನು ನಕ್ಕು ಚಹಾ ತರಿಸುತ್ತೇನೆ.

ಆಗಿದ್ದಿಷ್ಟು. 1999ರಲ್ಲಿ ಕ್ಯಾಂಪ್ ಕಡೆಯ ಒಂದು ಮೈದಾನದಲ್ಲಿ ಬ್ಯಾಂಕುಗಳ ನಡುವಿನ ಫುಟ್‌ಬಾಲ್ ಪಂದ್ಯವಿತ್ತು. ಒಬ್ಬ ಲೈನ್ಸ್‌ಮನ್ ಬಂದಿರಲಿಲ್ಲ. "ನೀವು ಬೆಳಗಾವಿಯವರು, ನಿಮಗೆ ಫುಟ್‌ಬಾಲ್ ಗೊತ್ತಿರುತ್ತದೆ" ಎಂದು ಬಾವುಟವನ್ನು ನನ್ನ ಕೈಗೆ ಕೊಟ್ಟರು. ಬಿಕಾಂ ಓದುವಾಗ ನಾನು ಆಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಇರಲಿ. ಕೊನೆಯ ಹತ್ತು ನಿಮಿಷ, ನಾವು 1-0 ಮುಂದಿದ್ದೆವು. ಈ ಮನುಷ್ಯ ಹೊಡೆದ ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು ಗೆರೆಯ ಹತ್ತಿರ ಬಿತ್ತು. ನಮ್ಮ ಗೋಲಿ ಬಾಚಿ ಎತ್ತಿಕೊಂಡ. ರೆಫರಿ ನನ್ನ ಮುಖ ನೋಡಿದರು. ನಾನು ಇಲ್ಲ ಎಂದು ತಲೆ ಆಡಿಸಿದೆ. ನಾವು ಗೆದ್ದೆವು.

ನನಗೆ ಕಂಡಿದ್ದೇನು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಇತಿಹಾಸ.

ಶುರುವಿನ ಕಾಲದ ಫುಟ್‌ಬಾಲಿನಲ್ಲಿ ತೀರ್ಪು ಕೊಡುವವರು ಇಬ್ಬರು ಅಂಪೈರ್‌ಗಳು, ತಂಡಕ್ಕೊಬ್ಬರಂತೆ. ಕ್ರಿಕೆಟಿನ ಹಾಗೆ ಆಟಗಾರರು ಅಪೀಲು ಮಾಡಿದರೆ ಮಾತ್ರ ತೀರ್ಪು. ಇಬ್ಬರಿಗೂ ಒಮ್ಮತ ಬರದಿದ್ದರೆ ಹೊರಗೆ ನಿಂತ ಮೂರನೆಯವನನ್ನು ಕೇಳುವುದು. ಅವನೇ ರೆಫರಿ. 1891ರಲ್ಲಿ ರೆಫರಿಯನ್ನು ಮೈದಾನದ ಒಳಗೆ ತಂದು, ಅಂಪೈರ್‌ಗಳನ್ನು ಗೆರೆಯ ಆಚೆ ಕಳಿಸಿ ಲೈನ್ಸ್‌ಮನ್ ಮಾಡಿದರು. ಪೆನಾಲ್ಟಿ ಕಿಕ್ ಬಂದದ್ದೂ ಅದೇ ವರ್ಷ. ತನ್ನ ತಂಡದ ಮನುಷ್ಯನಿಂದ ನ್ಯಾಯ ನಿರೀಕ್ಷಿಸುವುದು ಕಷ್ಟ ಎಂದು ಆಗಲೇ ಗೊತ್ತಾಗಿತ್ತು ನೋಡಿ. ಆದರೆ ಸಣ್ಣ ಮೈದಾನಗಳಲ್ಲಿ ಇವತ್ತಿಗೂ ಲೈನ್ಸ್‌ಮನ್ ಸಿಗದಿದ್ದರೆ ತಂಡದವನೇ ಒಬ್ಬ ಬಾವುಟ ಹಿಡಿಯುತ್ತಾನೆ. 1999ರಲ್ಲಿ ನಾನು ಹಿಡಿದ ಹಾಗೆ.

ದೊಡ್ಡ ಆಟಕ್ಕೆ ಯಂತ್ರಗಳು ಬಂದವು. ಚೆಂಡು ಗೆರೆ ದಾಟಿತೇ ಎಂದು ಹೇಳುವ ತಂತ್ರಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿತು. 2018ರ ವಿಶ್ವಕಪ್‌ಗೆ ವಿಡಿಯೊ ರೆಫರಿ ಬಂದರು. ಕೆಳಗಿನ ಲೀಗ್‌ಗಳಿಗೆ ಎಲ್ಲಿಂದ ಬರಬೇಕು? ಅಲ್ಲಿ ಈಗಲೂ ಎರಡು ಕಣ್ಣು, ಒಂದು ಸೀಟಿ.

ಆ ಕಣ್ಣು ಎಷ್ಟು ಮೋಸ ಹೋಗಬಹುದು? 2008ರ ಸೆಪ್ಟೆಂಬರ್ 20ರಂದು ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಿನಲ್ಲಿ ವಾಟ್‌ಫರ್ಡ್ ಮತ್ತು ರೆಡಿಂಗ್ ಆಡುತ್ತಿದ್ದವು. ಗೋಲಿನ ಮುಂದೆ ನೂಕುನುಗ್ಗಲಾಗಿ ಚೆಂಡು ಕಂಬದ ಪಕ್ಕದಿಂದ ಹೊರಗೆ ಹೋಯಿತು. ಲೈನ್ಸ್‌ಮನ್ ಬಾವುಟ ಎತ್ತಿದರು, 25 ವರ್ಷದ ರೆಫರಿ ಸ್ಟುವರ್ಟ್ ಅಟ್‌ವೆಲ್ ಗೋಲು ಕೊಟ್ಟೇಬಿಟ್ಟರು! ವಾಟ್‌ಫರ್ಡಿನ ಜಾನ್ ಯೂಸ್ಟಸ್ ಹೆಸರಿಗೆ ಸ್ವಂತ ಗೋಲು ಎಂದು ದಾಖಲಾಯಿತು. ಪಂದ್ಯ 2-2. ಮರುಪಂದ್ಯ ನಡೆಯಲಿಲ್ಲ. ಬಲೆಗೆ ಬೀಳದ ಆ ಗೋಲು ಈಗಲೂ ಪುಸ್ತಕದಲ್ಲಿದೆ.

ಬ್ಯಾಂಕಿನವನಿಗೆ ಇದು ಅರಗುವುದಿಲ್ಲ. ನಮ್ಮಲ್ಲಿ ತಪ್ಪು ಎಂಟ್ರಿ ಬಿದ್ದರೆ ರಿವರ್ಸ್ ಮಾಡುತ್ತೇವೆ. ಕಾರಣ ಗೊತ್ತಾಗದ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿಟ್ಟು ಆಮೇಲೆ ಹುಡುಕುತ್ತೇವೆ. ರೆಫರಿಗೆ ಆ ಸೌಕರ್ಯ ಇಲ್ಲ. ಫುಟ್‌ಬಾಲಿನ ಐದನೇ ನಿಯಮದ ಪ್ರಕಾರ ಗೋಲು ಹೌದೋ ಅಲ್ಲವೋ ಎನ್ನುವ ಅವನ ತೀರ್ಪೇ ಅಂತಿಮ. ಆಟ ಮತ್ತೆ ಶುರುವಾಯಿತೆಂದರೆ, ತಪ್ಪಾಯಿತು ಅಂತ ಅವನಿಗೇ ಅನ್ನಿಸಿದರೂ ಬದಲಾಯಿಸುವಂತಿಲ್ಲ.

ಆದರೆ ಕಾಗದದ ತಪ್ಪಿನ ಮಾತೇ ಬೇರೆ. ಆಗ ನಮ್ಮ ದೇಶದ ಎರಡನೇ ದರ್ಜೆಯ ಲೀಗಾಗಿದ್ದ ಐ-ಲೀಗನ್ನೇ ನೋಡಿ. 2025ರ ಏಪ್ರಿಲ್‌ನಲ್ಲಿ ಪಂದ್ಯಗಳೆಲ್ಲ ಮುಗಿದಾಗ ಚರ್ಚಿಲ್ ಬ್ರದರ್ಸ್‌ಗೆ 40 ಅಂಕ, ಇಂಟರ್ ಕಾಶಿಗೆ 39. ಆದರೆ ಜನವರಿ 13ರಂದು ಕಾಶಿಯನ್ನು 2-0 ಸೋಲಿಸಿದ್ದ ನಾಮಧಾರಿ ತಂಡ, ನಾಲ್ಕು ಹಳದಿ ಕಾರ್ಡಾಗಿ ಆಡುವಂತಿಲ್ಲದ ಆಟಗಾರನನ್ನು ಇಳಿಸಿತ್ತು ಎಂಬ ತಕರಾರಿತ್ತು. ಫೆಡರೇಶನ್ನಿನ ಶಿಸ್ತು ಸಮಿತಿ ಕಾಶಿಗೆ ಅಂಕ ಕೊಟ್ಟಿತು, ಅಪೀಲು ಸಮಿತಿ ಅದನ್ನು ತಳ್ಳಿಹಾಕಿತು. ವಿಷಯ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಬೇರೊಂದು ನೋಂದಣಿ ತಕರಾರೂ ತೀರಿ, ಜುಲೈ 18ರಂದು ಇಂಟರ್ ಕಾಶಿಯೇ ಚಾಂಪಿಯನ್ ಎಂದಾಯಿತು.

ಎಷ್ಟು ವಿಚಿತ್ರ! ಕಾರ್ಡಿನ ಎಣಿಕೆ ತಪ್ಪಿದರೆ ಆರು ತಿಂಗಳ ಮೇಲೂ ತಿದ್ದಬಹುದು. ಗೋಲಿನ ಎಣಿಕೆ ತಪ್ಪಿದರೆ ಆರು ನಿಮಿಷದ ಮೇಲೆ ತಿದ್ದುವಂತಿಲ್ಲ.

ಹಾಗಂತ ಮುನಿಸಿಕೊಂಡು ಎದ್ದುಹೋದರೆ? 2023ರ ಮಾರ್ಚ್ 3ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅದೂ ಆಯಿತು. ಅದು ಮೇಲಿನ ದರ್ಜೆಯ ಲೀಗು, ನಿಜ. ಹೆಚ್ಚುವರಿ ಆಟದ 96ನೇ ನಿಮಿಷದಲ್ಲಿ, ಎದುರಾಳಿಗಳು ಗೋಡೆ ಕಟ್ಟಿ ಮುಗಿಸುವ ಮೊದಲೇ ಸುನಿಲ್ ಛೇತ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಒಪ್ಪಿದರು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಗೋಲು ಮಾತ್ರ ಗೋಲಾಗಿಯೇ ಉಳಿಯಿತು.

ನಮ್ಮ ಪುಣೆಗೂ ದೊಡ್ಡ ಫುಟ್‌ಬಾಲಿನ ಕನಸಿತ್ತು. 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ ಎರಡನೇ ಡಿವಿಷನ್ ಆಡಿ 2009ರಲ್ಲಿ ಐ-ಲೀಗಿಗೆ ಏರಿತು. ಬಾಲೇವಾಡಿಯ ಸ್ಟೇಡಿಯಮ್ಮಿಗೆ ನಾನೂ ಮಗನನ್ನು ಕರೆದುಕೊಂಡು ಹೋಗಿದ್ದೇನೆ. ಆಮೇಲೆ ಭಾರತ್ ಎಫ್‌ಸಿ, ಡಿಎಸ್‌ಕೆ ಶಿವಾಜಿಯನ್ಸ್, ಎಫ್‌ಸಿ ಪುಣೆ ಸಿಟಿ. 2019ರ ಹೊತ್ತಿಗೆ ನಾಲ್ಕೂ ದೊಡ್ಡ ಲೀಗ್‌ಗಳಿಂದ ಮರೆಯಾದವು. ಊರಿಗೆ ಉಳಿದದ್ದು ಜಿಲ್ಲಾ ಲೀಗು, ಕೆಂಪು ಮಣ್ಣು, ಸುಣ್ಣದ ಗೆರೆ. ಅಲ್ಲಿ ಟೀವಿ ಇಲ್ಲ. ಏನಾಯಿತು ಎನ್ನುವ ಸತ್ಯ, ಹತ್ತಿರ ನಿಂತು ನೋಡಿದ ಒಬ್ಬಿಬ್ಬರ ಹತ್ತಿರ ಮಾತ್ರ ಇರುತ್ತದೆ. ಅವರು ಬಾಯಿ ಬಿಡದಿದ್ದರೆ ಅದು ಅಲ್ಲಿಗೇ ಮುಗಿಯಿತು.

ಬಾಯಿ ಬಿಟ್ಟವರೂ ಇದ್ದಾರೆ. 2019ರ ಏಪ್ರಿಲ್ 28ರಂದು, ಮತ್ತೆ ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿ, ಆಸ್ಟನ್ ವಿಲ್ಲಾದ ಒಬ್ಬ ಆಟಗಾರ ಪೆಟ್ಟಾಗಿ ಬಿದ್ದಿದ್ದಾಗ ಲೀಡ್ಸ್ ತಂಡ ಆಟ ಮುಂದುವರಿಸಿ ಗೋಲು ಹೊಡೆಯಿತು. ನಿಯಮದ ಪ್ರಕಾರ ಗೋಲು ಸರಿ. ಮೈದಾನದಲ್ಲಿ ಕೈಕೈ ಮಿಲಾಯಿಸುವಷ್ಟಾಯಿತು. ಆಗ ಲೀಡ್ಸ್ ಕೋಚ್ ಮಾರ್ಸೆಲೊ ಬಿಯೆಲ್ಸಾ, ಎದುರಾಳಿಗೆ ಒಂದು ಗೋಲು ಬಿಟ್ಟುಕೊಡಿ ಎಂದು ತಮ್ಮ ಹುಡುಗರಿಗೆ ಕೂಗಿ ಹೇಳಿದರು. ವಿಲ್ಲಾದವರು ಹೆಚ್ಚುಕಡಿಮೆ ನಡೆದುಕೊಂಡೇ ಹೋಗಿ ಗೋಲು ಮಾಡಿದರು. ಪಂದ್ಯ 1-1. ನೇರವಾಗಿ ಮೇಲಿನ ಲೀಗಿಗೆ ಏರುವ ಸ್ಥಾನ ಅದರೊಂದಿಗೆ ಶೆಫೀಲ್ಡ್ ಯುನೈಟೆಡ್ ಪಾಲಾಯಿತು. ಮುಂದೆ ಫಿಫಾ ಬಿಯೆಲ್ಸಾ ಮತ್ತು ಲೀಡ್ಸ್‌ಗೆ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು. ಮೈದಾನದ ಎಂಟ್ರಿಯನ್ನು ರಿವರ್ಸ್ ಮಾಡುವ ದಾರಿ ಇದೊಂದೇ ಎಂದು ನನಗೆ ಹೊಳೆದದ್ದು ಅದನ್ನು ಓದಿದಾಗ. ಲಾಭ ಪಡೆದವನೇ, ಆಟ ಮುಗಿಯುವ ಮೊದಲು, ತಾನಾಗಿ ಕೊಡಬೇಕು.

ಈಗ ನನ್ನ ಲೆಕ್ಕ. ಅವತ್ತು ಚೆಂಡು ಸುಣ್ಣದ ಗೆರೆಯ ಆಚೆ ಬಿತ್ತು. ಮಣ್ಣು ಹಾರಿದ್ದನ್ನು ನಾನು ನೋಡಿದೆ. ನನ್ನ ಹಿಂದೆ ನಮ್ಮ ಮ್ಯಾನೇಜರು, ಸಹೋದ್ಯೋಗಿಗಳು ನಿಂತಿದ್ದರು. ಬಾವುಟ ಏಳಲಿಲ್ಲ.

ಈ ವರ್ಷ ಅವರು ಬಂದಾಗ ನಾನು ಚಹಾ ಹೇಳುವ ಮೊದಲೇ ಉತ್ತರ ಕೊಟ್ಟೆ: "ಹೋತಾ." ಆಗಿತ್ತು. ಅವರು ಕನ್ನಡಕ ಹಾಕಿಕೊಂಡು ನನ್ನನ್ನು ಒಂದು ಗಳಿಗೆ ನೋಡಿದರು. "ಮಾಹೀತ್ ಆಹೇ" ಅಂದರು. ಗೊತ್ತು ಅಂತ. ಆಮೇಲೆ ಎಫ್‌ಡಿ ರಸೀದಿಯಲ್ಲಿ ಬಡ್ಡಿದರ ಸರಿಯಿದೆಯೇ ಎಂದು ಎರಡು ಸಲ ನೋಡಿ ಜೇಬಿಗಿಟ್ಟುಕೊಂಡರು.

ಪಂದ್ಯದ ಫಲಿತಾಂಶ ಮಾತ್ರ ಈಗಲೂ 1-0, ನಮ್ಮ ಕಡೆಗೇ.