ಸೂಲಗಿತ್ತಿಯೂ ಶಾಸನವೂ

‘ಸೂಲು’ ಎಂದರೆ ಹೆರಿಗೆ. ಹೂವಾಡಗಿತ್ತಿಯಂತೆ ಸೂಲಗಿತ್ತಿಯೂ ಒಂದು ಕಸುಬಿನ ಹೆಸರು. ಈ ಹೆಸರನ್ನು ಅವಳಿಗೆ ಕೊಟ್ಟದ್ದು ಊರು. ಅದಕ್ಕೆ ಯಾವ ಸರ್ಕಾರದ ಮೊಹರೂ ಬೇಕಿರಲಿಲ್ಲ. ಮೊರದಲ್ಲಿ ಅಕ್ಕಿ, ಎಲೆ ಅಡಿಕೆ, ಒಂದು ಕುಪ್ಪಸದ ಕಣ, ಇಷ್ಟೇ ಅವಳ ಸಂಭಾವನೆ. ಹೆತ್ತ ಕೋಣೆ ಮೈಲಿಗೆಯೆಂದು ಉಳಿದವರು ದೂರ ನಿಂತುದರಿಂದ, ಈ ಕೆಲಸ ಹಲವೆಡೆ ಸಮಾಜ ಕೀಳೆಂದು ಕಂಡ ಜಾತಿಗಳ ಹೆಂಗಸರ ಪಾಲಿಗೆ ಬಂದಿತು. ಇಂಥವಳನ್ನು ಕಾನೂನು ಹೇಗೆ ಕಂಡಿತು ಎಂಬುದು ವಿಚಾರ ಮಾಡತಕ್ಕ ಸಂಗತಿ.

ನಮ್ಮ ದೇಶದ ಹೆಂಗಸರಿಗೆ ವೈದ್ಯ ಸಹಾಯ ಒದಗಿಸಲೆಂದು 1885ರಲ್ಲಿ ಡಫರಿನ್ ನಿಧಿ ಸ್ಥಾಪನೆಯಾಯಿತು. ದಾಯಿಯರಿಗೆ ಶಿಕ್ಷಣ ಕೊಡಲು 1903ರಲ್ಲಿ ಲೇಡಿ ಕರ್ಜನ್ ವಿಕ್ಟೋರಿಯಾ ಸ್ಮಾರಕ ನಿಧಿಯನ್ನು ಆರಂಭಿಸಿದಳು. ಅಂದಿನ ವೈದ್ಯರ ದೃಷ್ಟಿಯಲ್ಲಿ ದಾಯಿ ಎಂದರೆ ಕೊಳೆ ಮತ್ತು ಅಜ್ಞಾನ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಕುದಿಸದ ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದು ಧನುರ್ವಾಯುವಿಗೆ ತುತ್ತಾದ ಕೂಸುಗಳು ಎಷ್ಟೋ.

ಇದೇ ಸಮಸ್ಯೆ ಇಂಗ್ಲೆಂಡಿನಲ್ಲಿಯೂ ಇತ್ತು. ಅಲ್ಲಿಯ 1902ರ ಶಾಸನ, ಪರೀಕ್ಷೆ ಪಾಸು ಮಾಡಿದವರ ಜೊತೆಗೆ, ಒಂದು ವರ್ಷವಾದರೂ ಕಸುಬು ನಡೆಸಿ ಒಳ್ಳೆಯ ನಡತೆಯವಳೆನಿಸಿಕೊಂಡ ಹಳೆಯ ಸೂಲಗಿತ್ತಿಯನ್ನೂ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮಲ್ಲಿ 1926ರ ಮದರಾಸು ದಾದಿಯರ ಮತ್ತು ಸೂಲಗಿತ್ತಿಯರ ಶಾಸನ ಬಂದಿತು. ಮಂಗಳೂರು, ಬಳ್ಳಾರಿಗಳು ಆಗ ಮದರಾಸಿನಲ್ಲಿಯೇ ಇದ್ದವು. ಆಮೇಲೆ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನ, 1961ರ ನಮ್ಮ ರಾಜ್ಯದ ಶಾಸನ ಬಂದವು. ಪಟ್ಟಿಗಳು ಬೆಳೆದವು, ಆದರೆ ಅಕ್ಷರ ಬಾರದ ಹಳ್ಳಿಯ ಸೂಲಗಿತ್ತಿ ಬಹುಮಟ್ಟಿಗೆ ಅವುಗಳ ಹೊರಗೇ ಉಳಿದಳು.

ಹಾಗೆಂದು ಅವಳನ್ನು ಬಿಡುವಂತೆಯೂ ಇರಲಿಲ್ಲ. ಸಾಕಷ್ಟು ಜನ ಶಿಕ್ಷಿತರು ದೊರೆಯುವವರೆಗೆ ದಾಯಿಯರನ್ನೇ ತರಬೇತಿಗೊಳಿಸಿ ಬಳಸಿಕೊಳ್ಳಬೇಕೆಂಬುದು 1946ರ ಭೋರ್ ಸಮಿತಿಯ ಅಭಿಪ್ರಾಯ. ಎಪ್ಪತ್ತರ ದಶಕದಲ್ಲಿ ಸರ್ಕಾರ ಸಾವಿರ ಜನಕ್ಕೊಬ್ಬ ದಾಯಿಯಂತೆ ತಿಂಗಳ ತರಬೇತಿ ಕೊಟ್ಟು, ಕೈಗೊಂದು ಸಲಕರಣೆಯ ಪೆಟ್ಟಿಗೆಯನ್ನೂ ಕೊಟ್ಟಿತು. ಪೆಟ್ಟಿಗೆ ಸಿಕ್ಕಿತು, ಪದವಿ ಸಿಗಲಿಲ್ಲ. ಅತ್ತ ಪದವಿಯುಳ್ಳ ಸಹಾಯಕ ದಾದಿ-ಸೂಲಗಿತ್ತಿಯ ಹೆಗಲ ಮೇಲೆ ಕುಟುಂಬ ಯೋಜನೆ, ಲಸಿಕೆ, ಲೆಕ್ಕಪತ್ರಗಳ ಹೊರೆ ಬಿದ್ದು, ಅವಳಿಗೆ ಹೆರಿಗೆ ಮಾಡಿಸುವ ಅಭ್ಯಾಸವೇ ಕಡಮೆಯಾಯಿತು. ಒಬ್ಬಳಲ್ಲಿ ಕೈಗುಣವಿತ್ತು, ಹಕ್ಕಿರಲಿಲ್ಲ. ಇನ್ನೊಬ್ಬಳಲ್ಲಿ ಹಕ್ಕಿತ್ತು, ಪಳಗಿದ ಕೈಯಿರಲಿಲ್ಲ. ನಡುವೆ ನಿಂತವಳು ಬಸುರಿ.

2005ರ ಜನನಿ ಸುರಕ್ಷಾ ಯೋಜನೆ ಹೆರಿಗೆಯನ್ನು ಆಸ್ಪತ್ರೆಯ ಕಡೆಗೆ ತಿರುಗಿಸಿತು. ಅದರ ಫಲವನ್ನು ಅಲ್ಲಗಳೆಯಲಾಗದು. 2001-03ರಲ್ಲಿ ಲಕ್ಷ ಜೀವಂತ ಜನನಕ್ಕೆ 301 ಇದ್ದ ತಾಯಂದಿರ ಸಾವು 2018-20ರಲ್ಲಿ 97ಕ್ಕೆ ಇಳಿಯಿತು. ಅದಕ್ಕೆ ಕಾರಣಗಳು ಹಲವಾದರೂ ಆಸ್ಪತ್ರೆಯ ಪಾಲು ಸಣ್ಣದಲ್ಲ. ಆದರೆ 2019-21ರ ಸಮೀಕ್ಷೆಯಲ್ಲಿ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 47 ಶಸ್ತ್ರಕ್ರಿಯೆಯಿಂದ ಆದವು. ಸಹಜವಾದ ಹೆರಿಗೆಗೆ ಕಾಯುವ ತಾಳ್ಮೆಯುಳ್ಳವರು ಬೇಕೆಂದು ಆಗ ಮನವರಿಕೆಯಾಗುತ್ತ ಬಂದಿತ್ತು. 2018ರಲ್ಲಿ ಕೇಂದ್ರ ಸರ್ಕಾರ, ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ಶಿಕ್ಷಣ ಕೊಟ್ಟು ಸೂಲಗಿತ್ತಿಯರನ್ನಾಗಿಸುವ ಮಾರ್ಗಸೂಚಿ ಹೊರಡಿಸಿತು. 1947ರ ಶಾಸನದ ಹೆಸರಿನಲ್ಲಿ ಶುಶ್ರೂಷೆ ಮಾತ್ರ ಇತ್ತು. ಅದರ ಸ್ಥಾನಕ್ಕೆಂದು ರಚಿತವಾದ 2023ರ ಶಾಸನದ ಹೆಸರಿನಲ್ಲಿ ಸೂಲಗಿತ್ತಿಯ ವಿದ್ಯೆಯೂ ಸೇರಿದೆ.

ಅದೇ 2018ರಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಿತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೆಸರಾದ ಆಕೆಗೆ ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿಯೇ ಗೌರವ ಡಾಕ್ಟರೇಟ್ ಕೊಟ್ಟಿತ್ತು. 2018ರ ಡಿಸೆಂಬರ್ 25ರಂದು ಆಕೆ ತೀರಿಕೊಂಡರು. ವ್ಯಕ್ತಿಗೆ ಸಂದ ಮನ್ನಣೆ ಸಂತೋಷದ್ದೇ. ಆದರೆ ಅವರಂಥವರ ಕಸುಬಿಗೆ ಶಾಸನದಲ್ಲಿ ಒಂದು ಸಾಲು ದೊರೆಯುವ ಮೊದಲೇ ಆ ಪೀಳಿಗೆ ಮುಗಿಯುತ್ತ ಬಂದಿದೆ. ಹೊಸ ಸೂಲಗಿತ್ತಿಗೆ ಪದವಿ ಇರಲಿ, ಶುಚಿ ಇರಲಿ, ಶಾಸ್ತ್ರವಿರಲಿ. ಬೇನೆ ತಿನ್ನುವವಳ ಬಳಿ ರಾತ್ರಿಯೆಲ್ಲ ಕುಳಿತಿದ್ದ ಹಳಬಳ ಸೈರಣೆಯೂ ಇರಲಿ.