ಎಂಜಿನ್ನಿನೊಳಗಿನ ಏತ

ಬಾವಿಯ ಮೇಲಿನ ಏತವನ್ನು ತಾವು ನೋಡಿರಬಹುದು. ನಡುವೆ ಆಧಾರ, ಒಂದು ತುದಿ ಇಳಿದರೆ ಇನ್ನೊಂದು ಏರುತ್ತದೆ. ಎಂಜಿನ್ನಿನ ರಾಕರ್ ಆರ್ಮಿನದೂ ಇದೇ ತತ್ತ್ವ: ಕ್ಯಾಮು ಪುಶ್‌ರಾಡನ್ನು ಎತ್ತಿದರೆ ರಾಕರು ಕವಾಟವನ್ನು ಒತ್ತಿ ತೆರೆಯುತ್ತದೆ.

ಬೆಳಗಾವಿ ಸೀಮೆಗೆ ಯಂತ್ರ ಹೊಸದಲ್ಲ. ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ನೆಲ ಕೆಡುವುದೆಂದು ರೈತರು ಮೊದಲು ಅಂಜಿದ್ದರು. 1946ರಲ್ಲಿ ಕಿರ್ಲೋಸ್ಕರ್ ಮನೆತನದ ತೈಲ ಎಂಜಿನ್ ಕಂಪೆನಿ ಪುಣೆಯಲ್ಲಿ ಸ್ಥಾಪನೆಯಾಯಿತು. ಪಂಪಿನ ಎಂಜಿನ್ನು ಹೊಲಕ್ಕೆ ಬಂದಂತೆ ಏತವು ಬಾವಿಯನ್ನು ಬಿಟ್ಟು ಯಂತ್ರದೊಳಗೆ ಹೊಕ್ಕಿತೆನ್ನಬಹುದು.

ಕುಲಗೋಡದಂಥ ಊರಿನವರು ಎಂಜಿನ್ನಿನ ಬಲ ಹೆಚ್ಚಿಸಬೇಕೆಂದಾಗ, ಕೈಯಲ್ಲಿ ಹಣ ಮಿತವಾಗಿದ್ದರೆ, ಹೊಳಪಿಗೆ ಮರುಳಾಗಬಾರದು. ಮೂಲ ಅಳತೆಯ, ಬಡಿದು ಮಾಡಿದ ಉಕ್ಕಿನ ರಾಕರು ಲೇಸು. ಹಳೆಯದಾದರೆ ತುದಿ ಕುಳಿಬಿದ್ದಿದೆಯೇ, ಬುಷ್ ಸಡಿಲವೇ, ಎಣ್ಣೆಯ ರಂಧ್ರ ಮುಚ್ಚಿದೆಯೇ ನೋಡಿರಿ. ಕವಾಟ ಹೆಚ್ಚು ತೆರೆಯಲೆಂದು ತೋಳಿನ ಅನುಪಾತ ಹೆಚ್ಚಿಸಿದರೆ ಸ್ಪ್ರಿಂಗು, ಪುಶ್‌ರಾಡುಗಳ ಮೇಲೂ ಭಾರ ಬೀಳುತ್ತದೆ. ಕವಾಟ ಪಿಸ್ಟನ್ನಿಗೆ ತಾಗಲೂಬಹುದು.

ಬೆಳೆ ಬಾಡುವ ದಿನ ಎಂಜಿನ್ನು ನಿಂತರೆ ಉಳಿಸಿದ ದುಡ್ಡು ನೀರೆತ್ತದು. ರೈತ ನೇಗಿಲನ್ನು ಒಪ್ಪಿದ್ದು ಬಣ್ಣ ನೋಡಿಯಲ್ಲ, ಉತ್ತು ನೋಡಿ.