ಸೇನ್ ನದಿ ಮತ್ತು ಒಂದು ಪತ್ತೇದಾರಿ ಕಾದಂಬರಿ

ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ ತಲೆಮಾರು ನಮ್ಮದು. ಕನ್ನಡದಲ್ಲಿ ಎನ್. ನರಸಿಂಹಯ್ಯ, ಉರ್ದುವಿನಲ್ಲಿ ಇಬ್ನೆ ಸಫಿ. ಅವುಗಳಲ್ಲಿ ಇತಿಹಾಸವಿರಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ. ಆದರೆ ಫ್ರಾನ್ಸಿನಲ್ಲಿ ಮುಚ್ಚಿಟ್ಟಿದ್ದ ಹತ್ಯಾಕಾಂಡವೊಂದನ್ನು ಸಾಮಾನ್ಯ ಓದುಗರ ಕೈಗೆ ತಲುಪಿಸಿದ್ದು ಇಂಥದ್ದೇ ಒಂದು ಪುಸ್ತಕ. ದಿದಿಯೆ ದೆನಾಂಕ್ಸ್ ಅವರ ಈ ಕಾದಂಬರಿ 1984ರಲ್ಲಿ ಬಂತು. ಇಂಗ್ಲಿಷಿನಲ್ಲಿ ಅದರ ಹೆಸರು 'ಮರ್ಡರ್ ಇನ್ ಮೆಮೋರಿಯಮ್'.

ಕಥೆ ಇಷ್ಟು. 1961ರ ಅಕ್ಟೋಬರ್ 17ರ ರಾತ್ರಿ ಪ್ಯಾರಿಸ್‌ನಲ್ಲಿ ಅಲ್ಜೀರಿಯನ್ನರ ಮೆರವಣಿಗೆಯ ಮೇಲೆ ಪೊಲೀಸರು ಎರಗಿದಾಗ, ಮನೆಯ ದಾರಿಯಲ್ಲಿದ್ದ ಇತಿಹಾಸದ ಮೇಷ್ಟ್ರೊಬ್ಬರು ಗುಂಡಿಗೆ ಬಲಿಯಾಗುತ್ತಾರೆ. ಇಪ್ಪತ್ತು ವರ್ಷಗಳ ನಂತರ ತುಲೂಜ್ ನಗರದಲ್ಲಿ ಅವರ ಮಗನ ಕೊಲೆಯಾಗುತ್ತದೆ. ಇನ್‌ಸ್ಪೆಕ್ಟರ್ ಕಾದಾನ್ ತನಿಖೆಗೆ ಇಳಿದಾಗ ತಂದೆ ಮಗ ಇಬ್ಬರೂ ಒಂದೇ ದಫ್ತರಖಾನೆಯಲ್ಲಿ ಒಂದೇ ಕಡತವನ್ನು ತೆಗೆಸಿ ನೋಡಿದ್ದು ತಿಳಿಯುತ್ತದೆ. ನಾಜಿಗಳ ಕಾಲದಲ್ಲಿ ಯಹೂದಿ ಮಕ್ಕಳನ್ನು ದ್ರಾನ್ಸಿ ಶಿಬಿರಕ್ಕೆ ಸಾಗಿಸಿದ ಕಡತ ಅದು. ಅದರಲ್ಲಿದ್ದ ಫ್ರೆಂಚ್ ಅಧಿಕಾರಿ ಈಗ ಪೊಲೀಸ್ ಇಲಾಖೆಯ ದೊಡ್ಡ ಕುರ್ಚಿಯಲ್ಲಿದ್ದಾನೆ. ಯಹೂದಿ ಮಕ್ಕಳ ಕಡತ ತೆರೆದವನ ಹೆಣವನ್ನು ಮುಸ್ಲಿಮರ ಹೆಣಗಳ ನಡುವೆ ಬಚ್ಚಿಡಲಾಗಿತ್ತು! ತಮ್ಮ ತಮ್ಮ ಹೆಣಗಳನ್ನಷ್ಟೇ ಎಣಿಸುವ ಚಟದ ನಾವೆಲ್ಲರೂ ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕು.

ಅಧಿಕಾರಿಯ ಪಾತ್ರ ಕಲ್ಪಿತ, ಆದರೆ ಅದಕ್ಕೊಂದು ಅಸಲಿ ಇತ್ತು. ಮೋರಿಸ್ ಪಾಪೋನ್ ಯುದ್ಧಕಾಲದಲ್ಲಿ ಬೋರ್ಡೊದಲ್ಲಿ ಅಧಿಕಾರಿ. ಅಲ್ಲಿಂದ ಸುಮಾರು 1,600 ಯಹೂದಿಗಳನ್ನು ದ್ರಾನ್ಸಿಗೆ ಕಳಿಸಲಾಯಿತು. ಹೆಚ್ಚಿನವರ ಮುಂದಿನ ನಿಲ್ದಾಣ ಔಶ್ವಿತ್ಸ್. ಅದೇ ಪಾಪೋನ್ 1958ರಲ್ಲಿ ಪ್ಯಾರಿಸ್ ಪೊಲೀಸ್ ಮುಖ್ಯಸ್ಥ, 1978ರಲ್ಲಿ ಬಜೆಟ್ ಮಂತ್ರಿ. 1961ರ ಅಕ್ಟೋಬರ್ 5ರಂದು ಅಲ್ಜೀರಿಯನ್ ಮುಸ್ಲಿಮರಿಗೆ ಮಾತ್ರ ರಾತ್ರಿ ಕರ್ಫ್ಯೂ ಹೇರಿದ್ದೂ ಅವನೇ. ಅದರ ವಿರುದ್ಧ ಹೆಂಗಸರು ಮಕ್ಕಳ ಸಮೇತ ಒಳ್ಳೆಯ ಬಟ್ಟೆ ತೊಟ್ಟು, ಬರಿಗೈಯಲ್ಲಿ ಬೀದಿಗಿಳಿದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಬಂಧಿತರು ಹನ್ನೊಂದು ಸಾವಿರ ದಾಟಿದರು. ಪೊಲೀಸರು ಹೊಡೆದರು, ಗುಂಡಿಟ್ಟರು, ಸೇನ್ ನದಿಗೆ ಎಸೆದರು. ಸರ್ಕಾರ ಒಪ್ಪಿಕೊಂಡ ಸಾವು ಮೊದಲು ಎರಡು, ಆಮೇಲೆ ಮೂರು. ಇತಿಹಾಸಕಾರರ ಲೆಕ್ಕ ಮೂವತ್ತರಿಂದ ಇನ್ನೂರರ ಮೇಲಕ್ಕೂ ಹೋಗುತ್ತದೆ.

ವೃತ್ತಿಯಿಂದ ಇತಿಹಾಸಕಾರರಲ್ಲದ ಜಾನ್-ಲುಕ್ ಐನೋದಿ 1991ರಲ್ಲಿ ಈ ಬಗ್ಗೆ ವಿವರವಾದ ಗ್ರಂಥ ತಂದರು. 1998ರಲ್ಲಿ ಪಾಪೋನ್‌ಗೆ ಹತ್ತು ವರ್ಷ ಶಿಕ್ಷೆಯಾಯಿತು, ಅದೂ ಬೋರ್ಡೊದ ಯಹೂದಿಗಳ ವಿಷಯಕ್ಕೆ ಮಾತ್ರ. ಐನೋದಿ ಮೇಲೆ ಅವನು ಹೂಡಿದ ಮಾನನಷ್ಟ ಮೊಕದ್ದಮೆ 1999ರಲ್ಲಿ ಸೋತಿತು. ಅಲ್ಲಿ ಐನೋದಿ ಪರವಾಗಿ ನಿಂತವರು ಪ್ಯಾರಿಸ್ ದಫ್ತರಖಾನೆಯ ಇಬ್ಬರು ನೌಕರರು, ಬ್ರಿಜೀತ್ ಲೇನೆ ಮತ್ತು ಫಿಲಿಪ್ ಗ್ರಾಂ. ಕಡತಗಳಲ್ಲಿ ತಾವು ಕಂಡದ್ದನ್ನು ಹೇಳಿದರು. ಆಮೇಲೆ ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಕೆಲಸವನ್ನೇ ಅವರಿಂದ ತೆಗೆದರು. ವರ್ಷಗಟ್ಟಲೆ ಮೂಲೆಯಲ್ಲಿ ಕೂರಿಸಿದರು. ದೆನಾಂಕ್ಸ್ ತಮ್ಮ ಕಾದಂಬರಿಯಲ್ಲಿ ಇದನ್ನು ಬರೆದಿದ್ದರೆ ಅತಿಯಾಯಿತೆಂದು ನಾವು ಕಥೆಗಾರರೇ ಗೊಣಗುತ್ತಿದ್ದೆವೇನೋ.

ಪಾಪೋನ್ 2007ರಲ್ಲಿ ಸತ್ತ. 1962ರ ಕ್ಷಮಾದಾನದ ಕಾರಣ ಅಕ್ಟೋಬರ್ 17ರ ಕೊಲೆಗಳಿಗೆ ಯಾರಿಗೂ ಶಿಕ್ಷೆಯಾಗಲಿಲ್ಲ. 2001ರಲ್ಲಿ ಸೇನ್ ದಂಡೆಯ ಸಾನ್ ಮಿಶೆಲ್ ಸೇತುವೆಯ ಬಳಿ ಫಲಕವೊಂದನ್ನು ಹಾಕಿದರು. ಅನೇಕ ಅಲ್ಜೀರಿಯನ್ನರು ಕೊಲ್ಲಲ್ಪಟ್ಟರೆಂದು ಅದು ಹೇಳುತ್ತದೆ. ಎಷ್ಟು ಜನ, ಕೊಂದವರು ಯಾರು ಎಂಬುದು ಅದರಲ್ಲಿಲ್ಲ.